ವ್ಯಾಪಾರದ ಜಾಗಕ್ಕೆ ಡಿಸ್‌ಪ್ಲೇ ಪರದೆ ಆರಿಸುವುದು ಹೇಗೆ: ಅಳತೆಯಿಂದ ಅಳವಡಿಕೆಯವರೆಗೆ

ಅಂಗಡಿ, ಕಚೇರಿ, ಆಸ್ಪತ್ರೆ, ಹೋಟೆಲು ಹೀಗೆ ಜನ ಬಂದುಹೋಗುವ ಜಾಗಕ್ಕೆ ಪರದೆ ಹಾಕಿಸಲು ಹೊರಟ ಓದುಗರಿಂದ ಎರಡು ಪ್ರಶ್ನೆಗಳು ತಪ್ಪದೆ ಬರುತ್ತವೆ. ಮನೆಗೆ ತರುವ ಟಿವಿಯನ್ನೇ ಅಲ್ಲಿಯೂ ಹಾಕಿದರೆ ಆಗದೇ ಎಂಬುದು ಒಂದು. ಎಷ್ಟು ಇಂಚಿನದನ್ನು ತೆಗೆದುಕೊಳ್ಳಬೇಕು ಎಂಬುದು ಇನ್ನೊಂದು. ಇವೆರಡಕ್ಕೂ ಉತ್ತರ ಪರದೆಯ ಪೆಟ್ಟಿಗೆಯ ಮೇಲೆ ಸಿಗುವುದಿಲ್ಲ. ಪರದೆ ಕೂರುವ ಗೋಡೆ, ಅದರ ಮೇಲೆ ಬೀಳುವ ಬೆಳಕು, ನೋಡುವವರು ನಿಲ್ಲುವ ದೂರ, ದಿನಕ್ಕೆ ಅದು ಬೆಳಗಬೇಕಾದ ಗಂಟೆಗಳು, ಈ ನಾಲ್ಕರಲ್ಲಿ ಸಿಗುತ್ತದೆ. ಆದ್ದರಿಂದ ಇಲ್ಲಿ ಮೊದಲು ಜಾಗವನ್ನು ಅಳೆದು, ಆಮೇಲೆ ಪರದೆಯ ವಿವರಪಟ್ಟಿಗೆ ಬರುವ ಕ್ರಮವನ್ನು ಇಟ್ಟುಕೊಂಡಿದ್ದೇನೆ.

ಮೊದಲ ಪ್ರಶ್ನೆಗೆ ನೇರವಾಗಿ ಹೇಳುವುದಾದರೆ, ದಿನಕ್ಕೆ ಕೆಲವೇ ಗಂಟೆ ಬಳಸುವ, ಬಿಸಿಲು ಬೀಳದ, ಪರದೆಯನ್ನು ಅಡ್ಡವಾಗಿಯೇ ತೂಗುಹಾಕುವ ಸಣ್ಣ ಸಭಾ ಕೊಠಡಿಗೆ ಮನೆಯ ಟಿವಿ ಕೆಲಸಕ್ಕೆ ಬರುತ್ತದೆ. ಉಳಿದ ಬಹುತೇಕ ಕಡೆ ಅದನ್ನು ನಾನು ಸೂಚಿಸುವುದಿಲ್ಲ. ಮನೆಯ ಟಿವಿಯ ವಾರಂಟಿ ಪತ್ರದಲ್ಲಿ ವಾಣಿಜ್ಯ ಬಳಕೆಗೆ ಇದು ಅನ್ವಯಿಸುವುದಿಲ್ಲ ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ. ದಿನವಿಡೀ ಓಡಿಸಿ ಕೆಟ್ಟರೆ ದುರಸ್ತಿಯ ಖರ್ಚು ನಿಮ್ಮ ಮೇಲೆಯೇ ಬೀಳಬಹುದು. ಅದರ ಒಳಗಿನ ಗಾಳಿಯಾಟವನ್ನು ಅಡ್ಡವಾಗಿ ನಿಲ್ಲಿಸುವುದಕ್ಕೆಂದೇ ರೂಪಿಸಿರುತ್ತಾರೆ. ಕರೆಂಟು ಹೋಗಿ ಬಂದಾಗ ಅನೇಕ ಟಿವಿಗಳು ತಾವಾಗಿ ಚಾಲೂ ಆಗದೆ ಸ್ಟ್ಯಾಂಡ್‌ಬೈ ಸ್ಥಿತಿಯಲ್ಲಿ ನಿಲ್ಲುತ್ತವೆ. ಯಾರದೋ ಕೈಯ ರಿಮೋಟಿನಿಂದ ಚಾನೆಲ್ ಬದಲಾಗದಂತೆ ಬೀಗ ಹಾಕುವ ಸೌಲಭ್ಯವೂ ಎಲ್ಲದರಲ್ಲಿ ಇರುವುದಿಲ್ಲ.

ಕೆಲಸ ಶುರುಮಾಡುವ ಮೊದಲು ಒಂದು ಅಳತೆ ಟೇಪು, ಜಾಗದ ಒಂದು ಕೈನಕ್ಷೆ, ಗೋಡೆಯ ಫೋಟೊಗಳು ಮತ್ತು ಪರದೆಯಲ್ಲಿ ತೋರಿಸಬೇಕೆಂದಿರುವ ಒಂದೆರಡು ನಿಜವಾದ ಪುಟಗಳನ್ನು ಸಿದ್ಧಮಾಡಿಕೊಳ್ಳಿ. ಕೊನೆಯದನ್ನು ಬಹಳ ಜನ ಬಿಡುತ್ತಾರೆ, ಆದರೆ ಮುಂದಿನ ಅರ್ಧದಷ್ಟು ತೀರ್ಮಾನಗಳು ಅದರಿಂದಲೇ ಹೊರಡುತ್ತವೆ.

1. ಪರದೆ ಮಾಡಬೇಕಾದ ಕೆಲಸವನ್ನು ಒಂದು ವಾಕ್ಯದಲ್ಲಿ ಬರೆಯಿರಿ

"ಜಾಹೀರಾತು ತೋರಿಸಬೇಕು" ಎಂದಷ್ಟೇ ಬರೆದರೆ ಸಾಲದು. ಯಾರು, ಎಲ್ಲಿ ನಿಂತು, ಎಷ್ಟು ಹೊತ್ತು ನೋಡುತ್ತಾರೆ, ನೋಡಿ ಏನು ಮಾಡಬೇಕು ಎಂಬುದೆಲ್ಲ ಆ ವಾಕ್ಯದಲ್ಲಿ ಬರಲಿ. "ಸರದಿಯಲ್ಲಿ ಕೂತವರು ಆರು ಮೀಟರ್ ದೂರದಿಂದ ತಮ್ಮ ಟೋಕನ್ ಸಂಖ್ಯೆ ಓದಬೇಕು" ಎಂಬ ವಾಕ್ಯವೂ "ಬೀದಿಯಲ್ಲಿ ನಡೆದುಹೋಗುವವರ ಕಣ್ಣು ಮೂರು ಸೆಕೆಂಡು ಈ ಕಡೆ ತಿರುಗಬೇಕು" ಎಂಬ ವಾಕ್ಯವೂ ಎರಡು ಬೇರೆಬೇರೆ ಪರದೆಗಳನ್ನು ಬೇಡುತ್ತವೆ. ಮೊದಲನೆಯದಕ್ಕೆ ಸ್ಪಷ್ಟತೆ ಮುಖ್ಯ, ಎರಡನೆಯದಕ್ಕೆ ಪ್ರಕಾಶ ಮುಖ್ಯ. ಒಂದೇ ಪರದೆಯಿಂದ ಎರಡನ್ನೂ ಮಾಡಿಸಲು ಹೊರಟಾಗ ಹಣ ಹೆಚ್ಚು ಹೋಗುತ್ತದೆ, ಕೆಲಸ ಅರ್ಧವಾಗುತ್ತದೆ.

2. ಗೋಡೆಯ ಮೇಲೆ ಬೀಳುವ ಬೆಳಕನ್ನು ಗಮನಿಸಿ

ಪರದೆ ಹೊರಸೂಸುವ ಪ್ರಕಾಶವನ್ನು ನಿಟ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಒಂದು ನಿಟ್ ಎಂದರೆ ಒಂದು ಚದರ ಮೀಟರಿಗೆ ಒಂದು ಕ್ಯಾಂಡೆಲಾ. ಜಾಗದ ಮೇಲೆ ಬೀಳುವ ಬೆಳಕಿನ ಮಾನ ಲಕ್ಸ್. ಸಾಮಾನ್ಯ ಕಚೇರಿಯ ಮೇಜಿನ ಮೇಲೆ 300ರಿಂದ 500 ಲಕ್ಸ್ ಬೆಳಕಿರುತ್ತದೆ, ನೆತ್ತಿಯ ಬಿಸಿಲಿನಲ್ಲಿ ಅದು ಒಂದು ಲಕ್ಷದ ಹತ್ತಿರ ಹೋಗುತ್ತದೆ. ಫೋನಿನ ಆಪ್‌ಗಳು ಕೊಡುವ ಲಕ್ಸ್ ಲೆಕ್ಕ ನಿಖರವಲ್ಲ, ಆದರೆ 500 ಎಲ್ಲಿ, 10,000 ಎಲ್ಲಿ ಎಂದು ತಿಳಿಯಲು ಅಷ್ಟು ಸಾಕು. ಫೋನನ್ನು ಪರದೆ ಬರಬೇಕಾದ ಗೋಡೆಗೆ ಒರಗಿಸಿ, ಮುಖ ಹೊರಗೆ ಮಾಡಿ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒಮ್ಮೊಮ್ಮೆ ಅಳೆದು ಬರೆದಿಟ್ಟುಕೊಳ್ಳಿ.

ಈ ಅಳತೆ ಯಾಕೆ ಬೇಕೆಂದರೆ, ಪರದೆ ತನ್ನ ಬೆಳಕನ್ನು ಕೊಡುವ ಜೊತೆಗೆ ಹೊರಗಿನ ಬೆಳಕನ್ನೂ ಚೂರು ಹಿಂದಿರುಗಿಸುತ್ತದೆ. ಹಾಗೆ ಹಿಂದಿರುಗಿದ ಬೆಳಕು ಕಪ್ಪು ಭಾಗಗಳನ್ನು ಬೂದು ಬಣ್ಣಕ್ಕೆ ತಿರುಗಿಸುತ್ತದೆ. ಬಿದ್ದ ಬೆಳಕಿನ ನೂರಕ್ಕೆ 5 ಭಾಗವನ್ನು ಪರದೆಯ ಮೈ ಎಲ್ಲ ದಿಕ್ಕಿಗೂ ಚದುರಿಸುತ್ತದೆ ಎಂದಿಟ್ಟುಕೊಳ್ಳಿ. 500 ಲಕ್ಸ್ ಬೆಳಕಿನಲ್ಲಿ ಕಪ್ಪಿನ ಮೇಲೆ ಸುಮಾರು 8 ನಿಟ್ ಮಬ್ಬು ಕವಿಯುತ್ತದೆ; 350 ನಿಟ್‌ನ ಪರದೆಯಲ್ಲಿ ಬಿಳುಪು ಆಗ ಕಪ್ಪಿಗಿಂತ ಸುಮಾರು 45 ಪಟ್ಟು ಬೆಳಗಿರುತ್ತದೆ, ಓದಲು ಏನೂ ತೊಂದರೆಯಿಲ್ಲ. ಅದೇ ಪರದೆಯನ್ನು ಗಾಜಿನ ಮುಂಭಾಗದಲ್ಲಿ 10,000 ಲಕ್ಸ್ ಬೆಳಕಿಗೆ ಇಟ್ಟರೆ ಮಬ್ಬು 159 ನಿಟ್‌ಗೆ ಏರುತ್ತದೆ, ಬಿಳುಪು-ಕಪ್ಪಿನ ಅಂತರ ಬರೀ ಮೂರು ಪಟ್ಟಿಗೆ ಇಳಿಯುತ್ತದೆ. ಚಿತ್ರ ಸೋರಿಹೋದಂತೆ ಕಾಣುವುದಕ್ಕೆ ಇದೇ ಕಾರಣ. ಅಲ್ಲಿ 2,500 ನಿಟ್‌ನ ಪರದೆ ಇಟ್ಟರೆ ಆ ಅಂತರ ಸುಮಾರು 17 ಪಟ್ಟಿಗೆ ಬರುತ್ತದೆ.

ಒಟ್ಟಾರೆ ಅಂದಾಜು ಹೀಗಿರಲಿ: ಕಿಟಕಿಯಿಂದ ದೂರವಿರುವ ಒಳಗಿನ ಗೋಡೆಗೆ 350ರಿಂದ 500 ನಿಟ್ ಸಾಕು, ಎತ್ತರದ ಗಾಜುಗಳಿರುವ ಲಾಬಿಗೆ, ಪ್ರಖರ ದೀಪಗಳಿರುವ ಮಳಿಗೆಗೆ 700 ನಿಟ್ ಬೇಕಾಗುತ್ತದೆ, ಗಾಜಿನ ಹಿಂದೆ ನಿಂತು ಬೀದಿಗೆ ಮುಖಮಾಡುವ ಪರದೆಗೆ 2,500 ನಿಟ್ ಅಥವಾ ಹೆಚ್ಚು. ಬಿಸಿಲು ನೇರವಾಗಿ ಬೀಳುವ ಜಾಗದಲ್ಲಿ ಇನ್ನೂ ಒಂದು ಅಪಾಯವಿದೆ. ಪರದೆಯೊಳಗಿನ ದ್ರವ ಸ್ಫಟಿಕವು ಒಂದು ಮಟ್ಟ ಮೀರಿ ಬಿಸಿಯಾದರೆ ತನ್ನ ಗುಣ ಕಳೆದುಕೊಂಡು, ಆ ಭಾಗ ಕಪ್ಪು ಕಲೆಯಾಗಿ ಕಾಣುತ್ತದೆ. ಕಿಟಕಿಗೆಂದೇ ತಯಾರಾದ ಪ್ಯಾನೆಲ್‌ಗಳಲ್ಲಿ 110 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುವ ಸ್ಫಟಿಕವನ್ನು ಬಳಸುತ್ತಾರೆ. ವಿವರಪಟ್ಟಿಯಲ್ಲಿ ಇದನ್ನು "ಹೈ ಟಿಎನ್ಐ" ಎಂದು ಬರೆದಿರುತ್ತಾರೆ. ಬೀದಿಗೆ ಮುಖಮಾಡುವ ಪರದೆಯಲ್ಲಿ ಈ ಮಾತು ಇಲ್ಲದಿದ್ದರೆ ಕೇಳಿಯೇ ತಿಳಿದುಕೊಳ್ಳಿ.

ನಿಟ್‌ಗಳ ಹಿಂದೆ ಕುರುಡಾಗಿ ಓಡುವುದೂ ತಪ್ಪು. ಒಳಗೋಡೆಗೆ 2,500 ನಿಟ್‌ನ ಪರದೆ ಹಾಕಿದರೆ ನೋಡುವವರ ಕಣ್ಣು ಕುಕ್ಕುತ್ತದೆ, ವಿದ್ಯುತ್ ವೃಥಾ ಹೋಗುತ್ತದೆ, ಫ್ಯಾನಿನ ಸದ್ದೂ ಕೇಳಿಸಬಹುದು. ಬಹಳ ಕಡೆ ಗೋಡೆಯನ್ನೇ ಬದಲಿಸುವುದು, ಅಂದರೆ ಕಿಟಕಿಗೆ ಎದುರಾಗಿರುವ ಗೋಡೆಯ ಬದಲು ಪಕ್ಕದ ಗೋಡೆಗೆ ಪರದೆಯನ್ನು ಸರಿಸುವುದು, ಹೆಚ್ಚಿನ ನಿಟ್ ಕೊಳ್ಳುವುದಕ್ಕಿಂತ ಒಳ್ಳೆಯ ಪರಿಹಾರ. ವಿವರಪಟ್ಟಿಯಲ್ಲಿ "ಹೇಝ್" ಎಂಬ ಶೇಕಡಾವಾರು ಸಂಖ್ಯೆಯನ್ನೂ ನೋಡಿ. ಪರದೆಯ ಮೈ ಎಷ್ಟು ಮಂಕಾಗಿದೆ ಎಂಬುದನ್ನು ಅದು ಹೇಳುತ್ತದೆ. 25 ಅಥವಾ ಹೆಚ್ಚಿದ್ದರೆ ಎದುರಿನ ದೀಪಗಳು ಕನ್ನಡಿಯಲ್ಲಿ ಕಂಡಂತೆ ಕಾಣುವುದಿಲ್ಲ.

3. ದೂರ ಅಳೆದು ಗಾತ್ರ ನಿರ್ಧರಿಸಿ

ಇಂಚು ಎಂದರೆ ಪರದೆಯ ಕರ್ಣದ ಉದ್ದ, ಆದರೆ ಓದಲಿಕ್ಕೆ ಬೇಕಾಗುವುದು ಎತ್ತರ. ಅಡ್ಡ 16, ಉದ್ದ 9ರ ಅನುಪಾತದ ಪರದೆಯಲ್ಲಿ ಎತ್ತರವು ಕರ್ಣದ ಅರ್ಧಕ್ಕಿಂತ ಕೊಂಚ ಕಡಿಮೆ. 43 ಇಂಚಿನದು ಸುಮಾರು 53 ಸೆಂಟಿಮೀಟರ್ ಎತ್ತರವಿದ್ದರೆ, 55 ಇಂಚಿನದು 68, 65 ಇಂಚಿನದು 81, 75 ಇಂಚಿನದು 93, 86 ಇಂಚಿನದು 107 ಮತ್ತು 98 ಇಂಚಿನದು 122 ಸೆಂಟಿಮೀಟರ್ ಇರುತ್ತದೆ.

ಧ್ವನಿ-ದೃಶ್ಯ ಉಪಕರಣಗಳ ಕ್ಷೇತ್ರದಲ್ಲಿ ಬಹುಕಾಲದಿಂದ ನಾಲ್ಕು-ಆರು-ಎಂಟು ಎಂಬ ಸೂತ್ರ ಬಳಕೆಯಲ್ಲಿದೆ. ನಕ್ಷೆ, ಲೆಕ್ಕದ ಹಾಳೆಗಳಂತಹ ಸೂಕ್ಷ್ಮ ವಿವರಗಳನ್ನು ನೋಡಬೇಕಾದರೆ ಅತಿ ದೂರದ ವೀಕ್ಷಕ ಪರದೆಯ ಎತ್ತರದ ನಾಲ್ಕು ಪಟ್ಟಿಗಿಂತ ಆಚೆ ಇರಬಾರದು. ಸಾಮಾನ್ಯ ಪ್ರಸ್ತುತಿ, ದರಪಟ್ಟಿಗಳಿಗೆ ಆರು ಪಟ್ಟು. ಬರೀ ವಿಡಿಯೊ ನೋಡುವುದಾದರೆ ಎಂಟು ಪಟ್ಟು. ಈ ಲೆಕ್ಕದಲ್ಲಿ 55 ಇಂಚಿನ ಪರದೆಯಲ್ಲಿ ದರಪಟ್ಟಿ ಓದಬಹುದಾದ ದೂರ ಸುಮಾರು 4 ಮೀಟರ್, 75 ಇಂಚಿನದರಲ್ಲಿ ಐದೂವರೆ ಮೀಟರ್, 98 ಇಂಚಿನದರಲ್ಲಿ 7 ಮೀಟರಿಗೆ ಸ್ವಲ್ಪ ಹೆಚ್ಚು. ನಿಮ್ಮ ಟೇಪು ಹಿಡಿದು ಅತಿ ದೂರದ ಕುರ್ಚಿಯಿಂದ ಅಳೆಯಿರಿ. ಕೋಣೆಯ ನಡುವಿನಿಂದ ಅಳೆದರೆ ಹಿಂದಿನ ಸಾಲಿನವರಿಗೆ ಮೋಸವಾಗುತ್ತದೆ.

ಪರದೆಯ ಗಾತ್ರ ಸರಿಯಿದ್ದೂ ಅಕ್ಷರ ಚಿಕ್ಕದಾದರೆ ಎಲ್ಲವೂ ವ್ಯರ್ಥ. ಮೂರು ಮೀಟರ್ ದೂರಕ್ಕೆ ಎರಡೂವರೆ ಸೆಂಟಿಮೀಟರ್ ಎತ್ತರದ ಅಕ್ಷರ ಎಂಬುದು ಫಲಕ ಬರೆಯುವವರು ಬಳಸುವ ಅಂದಾಜು. 55 ಇಂಚಿನ 4ಕೆ ಪರದೆಯಲ್ಲಿ ಎರಡೂವರೆ ಸೆಂಟಿಮೀಟರ್ ಎಂದರೆ ಸುಮಾರು 79 ಪಿಕ್ಸೆಲ್‌, ಅಂದರೆ ಚಿತ್ರವನ್ನು ಕಟ್ಟುವ 79 ಬಿಂದುಗಳು; ಫುಲ್ ಎಚ್‌ಡಿ ಪರದೆಯಲ್ಲಿ ಸುಮಾರು 39. ಈ ಸಂಖ್ಯೆಯನ್ನು ನಿಮ್ಮ ವಿನ್ಯಾಸಗಾರರಿಗೆ ಮೊದಲೇ ಕೊಡಿ. ಕನ್ನಡದಲ್ಲಿ ಇನ್ನೊಂದು ಎಚ್ಚರಿಕೆ ಬೇಕು: ಎತ್ತರವನ್ನು ಅಕ್ಷರದ ಮೈಯಿಂದ ಎಣಿಸಬೇಕು, ಒತ್ತಕ್ಷರವನ್ನು ಸೇರಿಸಿ ಎಣಿಸಬಾರದು. ಒತ್ತಕ್ಷರ ಮೈಗಿಂತ ಚಿಕ್ಕದಾಗಿಯೇ ಬರುವುದರಿಂದ ಮೊದಲು ಮಸುಕಾಗುವುದು ಅದೇ. ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ.

4ಕೆ ಬೇಕೇ, ಫುಲ್ ಎಚ್‌ಡಿ ಸಾಕೇ ಎಂಬುದಕ್ಕೂ ದೂರವೇ ಉತ್ತರ. 55 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ ಒಂದು ಪಿಕ್ಸೆಲ್‌ನ ಅಗಲ 0.63 ಮಿಲಿಮೀಟರ್, ಸಾಮಾನ್ಯ ದೃಷ್ಟಿಯವರು ಸುಮಾರು 2.2 ಮೀಟರಿಗಿಂತ ದೂರ ನಿಂತರೆ ಪಿಕ್ಸೆಲ್‌ಗಳನ್ನು ಬಿಡಿಬಿಡಿಯಾಗಿ ಗುರುತಿಸಲಾರರು. ಹತ್ತಿರ ನಿಂತು ಓದುವ, ಬೆರಳಿನಿಂದ ಮುಟ್ಟುವ ಪರದೆಗೆ 4ಕೆ ಖಂಡಿತ ಬೇಕು. ದೂರದ ಗೋಡೆಯ ವಿಡಿಯೊಗೆ ಅದರಿಂದ ಕಣ್ಣಿಗೆ ಕಾಣುವ ಲಾಭ ಕಡಿಮೆ. ಈಗ ದೊಡ್ಡ ಗಾತ್ರಗಳು ಬಹುತೇಕ 4ಕೆಯಲ್ಲೇ ಬರುವುದರಿಂದ ಆಯ್ಕೆಯ ಪ್ರಶ್ನೆ ಸಣ್ಣ ಗಾತ್ರಗಳಲ್ಲಿ ಮಾತ್ರ ಏಳುತ್ತದೆ.

4. ಗಂಟೆಗಳನ್ನೂ ನಿಲುವನ್ನೂ ತೀರ್ಮಾನಿಸಿ

ವಾಣಿಜ್ಯ ಪರದೆಗಳ ವಿವರಪಟ್ಟಿಯಲ್ಲಿ "16/7", "24/7" ಎಂದು ಬರೆದಿರುತ್ತಾರೆ. ದಿನಕ್ಕೆ ಹದಿನಾರು ಅಥವಾ ಇಪ್ಪತ್ತನಾಲ್ಕು ಗಂಟೆ, ವಾರದ ಏಳೂ ದಿನ ನಡೆಸಬಹುದು ಎಂದು ಅರ್ಥ. ರಾತ್ರಿ ಬಾಗಿಲು ಹಾಕುವ ಮಳಿಗೆಗೆ ಹದಿನಾರು ಗಂಟೆಯದು ಸಾಕು. ಆಸ್ಪತ್ರೆ, ನಿಲ್ದಾಣ, ಕಾವಲು ಕೊಠಡಿಗಳಿಗೆ ಇಪ್ಪತ್ತನಾಲ್ಕರದೇ ಬೇಕು. "ಆಯುಷ್ಯ 50,000 ಗಂಟೆ" ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ ಹಿಂಬದಿಯ ದೀಪ, ಅಂದರೆ ಬ್ಯಾಕ್‌ಲೈಟ್, ತನ್ನ ಮೊದಲಿನ ಪ್ರಕಾಶದ ಅರ್ಧಕ್ಕೆ ಇಳಿಯುವವರೆಗಿನ ಅವಧಿ. ಎಡೆಬಿಡದೆ ನಡೆಸಿದರೆ ಅದು ಐದು ವರ್ಷ ಎಂಟು ತಿಂಗಳು, ದಿನಕ್ಕೆ ಹದಿನಾರು ಗಂಟೆಯಾದರೆ ಎಂಟೂವರೆ ವರ್ಷ. ಅರ್ಧಕ್ಕೆ ಇಳಿಯುವ ಎಷ್ಟೋ ಮೊದಲೇ ಮಂಕುತನ ಕಣ್ಣಿಗೆ ಬೀಳುವುದರಿಂದ, ಬೇಕಾದದ್ದಕ್ಕಿಂತ ಒಂದು ಮೆಟ್ಟಿಲು ಹೆಚ್ಚಿನ ನಿಟ್ ಕೊಂಡು, ಕಡಿಮೆ ಮಟ್ಟದಲ್ಲಿ ನಡೆಸುವುದು ಜಾಣತನ.

ಪರದೆಯನ್ನು ಲಂಬವಾಗಿ ನಿಲ್ಲಿಸುವುದಾದರೆ ಅದಕ್ಕೆ ಅನುಮತಿಯಿದೆಯೇ, ಎಡಕ್ಕೆ ತಿರುಗಿಸಬೇಕೇ ಬಲಕ್ಕೆ ತಿರುಗಿಸಬೇಕೇ ಎಂಬುದನ್ನು ಕೈಪಿಡಿಯಲ್ಲಿ ನೋಡಿ. ತಪ್ಪು ಬದಿಗೆ ತಿರುಗಿಸಿದರೆ ಬಿಸಿಗಾಳಿ ಹೊರಹೋಗುವ ದಾರಿ ತಪ್ಪುತ್ತದೆ, ವಾರಂಟಿಯೂ ಕೈತಪ್ಪಬಹುದು. ಮಲಗಿಸಿದಂತೆ ಓರೆಯಾಗಿ, ಮುಖ ಮೇಲೆ ಮಾಡಿ ಇಡುವುದಕ್ಕೂ ಪ್ರತ್ಯೇಕ ಅನುಮತಿ ಬೇಕು.

5. ಪ್ಯಾನೆಲ್ ಬಗೆಯನ್ನು ಅರಿಯಿರಿ

ಎಲ್‌ಸಿಡಿ ಪರದೆಗಳಲ್ಲಿ ಎರಡು ಬಗೆ ಹೆಚ್ಚು ಬಳಕೆಯಲ್ಲಿವೆ. ಐಪಿಎಸ್ ಬಗೆಯದನ್ನು ಪಕ್ಕದಿಂದ ನೋಡಿದರೂ ಬಣ್ಣ ಮಾಸುವುದಿಲ್ಲ, ಆದರೆ ಅದರ ಕಪ್ಪು ಅಷ್ಟು ಗಾಢವಲ್ಲ. ಬಿಳುಪು-ಕಪ್ಪಿನ ಅನುಪಾತ ಸಾವಿರಕ್ಕೆ ಒಂದರ ಆಸುಪಾಸಿನಲ್ಲಿರುತ್ತದೆ. ವಿಎ ಬಗೆಯದರಲ್ಲಿ ಆ ಅನುಪಾತ ಮೂರು ಸಾವಿರ ಅಥವಾ ಹೆಚ್ಚು, ಆದರೆ ಪಕ್ಕದಿಂದ ನೋಡಿದವರಿಗೆ ಚಿತ್ರ ತೊಳೆದಂತೆ ಕಾಣುತ್ತದೆ. ಜನ ನಾಲ್ಕೂ ಕಡೆಯಿಂದ ನಡೆದುಬರುವ ಜಾಗಕ್ಕೆ ಐಪಿಎಸ್, ಎಲ್ಲರೂ ಎದುರಿಗೇ ಕೂರುವ ಮಬ್ಬು ಬೆಳಕಿನ ಕೋಣೆಗೆ ವಿಎ ಎಂಬುದು ನನ್ನ ಆಯ್ಕೆ.

ಒಎಲ್‌ಇಡಿ ಪರದೆಯ ಚಿತ್ರ ನೋಡಲು ಬಲು ಚೆಂದ, ಆದರೆ ಒಂದೇ ಲಾಂಛನವನ್ನೋ ದರಪಟ್ಟಿಯ ಚೌಕಟ್ಟನ್ನೋ ದಿನಗಟ್ಟಲೆ ನಿಲ್ಲಿಸುವ ಜಾಗಕ್ಕೆ ಅದನ್ನು ತರಬೇಡಿ. ಪ್ರತಿ ಬಿಂದುವೂ ತಾನೇ ಬೆಳಗುವುದರಿಂದ ಹೆಚ್ಚು ಬೆಳಗಿದ ಬಿಂದು ಬೇಗ ಸವೆಯುತ್ತದೆ, ಆ ಲಾಂಛನದ ಗುರುತು ಅಳಿಸಲಾಗದಂತೆ ಉಳಿದುಬಿಡುತ್ತದೆ. ಇದನ್ನೇ ಬರ್ನ್-ಇನ್ ಎನ್ನುತ್ತಾರೆ. ಎಲ್‌ಸಿಡಿಯಲ್ಲೂ ನಿಂತ ಚಿತ್ರದ ನೆರಳು ಉಳಿಯುವುದುಂಟು, ಆದರೆ ಬೇರೆ ಚಿತ್ರಗಳನ್ನು ಓಡಿಸಿದರೆ ಅಥವಾ ಕೆಲಹೊತ್ತು ಆರಿಸಿದರೆ ಅದು ಹೆಚ್ಚಾಗಿ ಮಾಯವಾಗುತ್ತದೆ. ಟೋಕನ್ ಫಲಕ, ದರಪಟ್ಟಿಗಳಂತಹ ನಿಂತ ಪುಟಗಳಿದ್ದರೆ ವಿನ್ಯಾಸದಲ್ಲೇ ಎರಡು ರೂಪಗಳನ್ನು ಮಾಡಿಸಿ, ಗಂಟೆಗೊಮ್ಮೆ ಅದಲುಬದಲಾಗುವಂತೆ ಇಡಿ. ಅಚ್ಚ ಬಿಳಿ ಹಿನ್ನೆಲೆಯ ಮೇಲೆ ಅಚ್ಚ ಕಪ್ಪು ಗೆರೆಗಳನ್ನು ಖಾಯಮ್ಮಾಗಿ ಬಿಡಬೇಡಿ.

6. ಪರದೆಗೆ ಪುಟಗಳನ್ನು ಕಳಿಸುವ ವ್ಯವಸ್ಥೆ

ಇಲ್ಲಿಯೇ ಹೆಚ್ಚು ಜನ ಎಡವುತ್ತಾರೆ, ಏಕೆಂದರೆ ಪರದೆಯನ್ನು ನೋಡಿ ಕೊಳ್ಳಬಹುದು, ಇದನ್ನು ಬಳಸಿಯೇ ತಿಳಿಯಬೇಕು. ದಾರಿಗಳು ಮೂರು. ಒಂದನೆಯದು ಪರದೆಯೊಳಗೇ ಇರುವ ಪುಟ್ಟ ಕಂಪ್ಯೂಟರು. ಟೈಜನ್, ವೆಬ್‌ಓಎಸ್ ಅಥವಾ ಆಂಡ್ರಾಯ್ಡ್ ಎಂಬ ಕಾರ್ಯಾಚರಣಾ ತಂತ್ರಾಂಶದ ಮೇಲೆ ನಡೆಯುತ್ತದೆ, ಹೊರಗೆ ತಂತಿಯ ಗೋಜಿರುವುದಿಲ್ಲ. ಎರಡನೆಯದು ಹಿಂದೆ ಸಿಕ್ಕಿಸುವ ಪ್ರತ್ಯೇಕ ಪ್ಲೇಯರ್ ಪೆಟ್ಟಿಗೆ. ಮೂರನೆಯದು ಪರದೆಯ ಬದಿಯ ಗೂಡಿನಲ್ಲಿ ತೂರಿಸುವ ಒಪಿಎಸ್ ಕಂಪ್ಯೂಟರು. ಸಭಾ ಕೊಠಡಿಯ ಟಚ್ ಪರದೆಗಳಲ್ಲಿ ಇದು ಸಾಮಾನ್ಯ. ಚಿತ್ರ ಮತ್ತು ವಿಡಿಯೊಗಳನ್ನಷ್ಟೇ ತಿರುಗಿಸುವುದಾದರೆ ಮೊದಲ ದಾರಿ ಸಾಕು. ಜೀವಂತ ಮಾಹಿತಿಯ ಜಾಲಪುಟಗಳನ್ನು ತೋರಿಸುವುದಾದರೆ ಎಚ್ಚರ: ಪರದೆಯೊಳಗಿನ ಬ್ರೌಸರ್ ಹಳೆಯ ಆವೃತ್ತಿಯದಾಗಿದ್ದು, ನಿಮ್ಮ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಂಡ ಪುಟ ಅಲ್ಲಿ ಚೆಲ್ಲಾಪಿಲ್ಲಿಯಾಗಬಹುದು. ಅಂಥ ಕಡೆ ಹೊರಗಿನ ಪ್ಲೇಯರೇ ಮೇಲು, ಕೆಟ್ಟರೆ ಅದನ್ನೊಂದನ್ನೇ ಬದಲಿಸಬಹುದು.

ಪುಟಗಳನ್ನು ದೂರದಿಂದ ಹೊಂದಿಸಿ ಸಮಯಪಟ್ಟಿ ಹಾಕುವ ತಂತ್ರಾಂಶವನ್ನು ಸಿಎಂಎಸ್ ಎನ್ನುತ್ತಾರೆ. ಅದನ್ನು ಮಾರುವವರಿಗೆ ಮೂರು ಪ್ರಶ್ನೆ ಕೇಳಿ. ಇಂಟರ್‌ನೆಟ್ ಹೋದಾಗ ಪುಟಗಳು ನಿಲ್ಲದೆ ಓಡುತ್ತವೆಯೇ? ಶುಲ್ಕ ಪರದೆಗೊಂದರಂತೆಯೇ, ವರ್ಷಕ್ಕೊಮ್ಮೆಯೇ? ಶುಲ್ಕ ನಿಲ್ಲಿಸಿದ ದಿನ ಪರದೆಯಲ್ಲಿ ಏನು ಕಾಣುತ್ತದೆ?

ಕನ್ನಡದಲ್ಲಿ ಬರಹ ತೋರಿಸುವವರು ನಾಲ್ಕನೆಯ ಪರೀಕ್ಷೆಯನ್ನು ತಾವೇ ಮಾಡಬೇಕು. "ರಾಷ್ಟ್ರೀಯ", "ಸ್ವಾಸ್ಥ್ಯ", "ಕಾರ್ಯಾಲಯ", "ಡಿಸ್‌ಪ್ಲೇ" ಎಂಬ ಪದಗಳನ್ನು ಆ ತಂತ್ರಾಂಶದಲ್ಲೇ ಬೆರಳಚ್ಚಿಸಿ, ಕಂಪ್ಯೂಟರಿನಲ್ಲಲ್ಲದೆ ನಿಜವಾದ ಪರದೆಯ ಮೇಲೆ ನೋಡಿ. ಅಕ್ಷರ ಜೋಡಿಸಲು ಬಾರದ ತಂತ್ರಾಂಶದಲ್ಲಿ ಒತ್ತುಗಳು ಪಕ್ಕಕ್ಕೆ ಬಂದು ನಿಲ್ಲುತ್ತವೆ, ಅರ್ಕಾವತ್ತು ಮುಂದಿನ ಸ್ಥಾನ ಬಿಟ್ಟು ಹಿಂದೆ ಉಳಿಯುತ್ತದೆ, ಕೊನೆಯ ಪದದ ನಡುವೆ ಖಾಲಿ ಚೌಕ ಮೂಡುತ್ತದೆ. ಹಾಗಾದರೆ ಬರಹವನ್ನು ಚಿತ್ರವಾಗಿ ಮಾಡಿ ಕಳಿಸುವುದೊಂದೇ ದಾರಿ. ದಿನವೂ ಬದಲಾಗುವ ದರಪಟ್ಟಿಗೆ ಅದು ಬಹಳ ಕಷ್ಟ, ಆದ್ದರಿಂದ ಈ ಪರೀಕ್ಷೆಯಲ್ಲಿ ಸೋತ ತಂತ್ರಾಂಶವನ್ನು ಎಷ್ಟೇ ಅಗ್ಗವಾಗಿ ಕೊಟ್ಟರೂ ಕೈಬಿಡಿ. ನಮ್ಮ ಭಾಷೆಯ ಅಕ್ಷರ ಒಡೆದು ಕಾಣುವ ಫಲಕ ವ್ಯಾಪಾರದ ಹೆಸರಿಗೂ ಒಳ್ಳೆಯದಲ್ಲ, ಓದುವವರಿಗೂ ಅಗೌರವ.

ಜಾಲಕ್ಕೆ ಸೇರಿದ ಪರದೆಯೂ ಒಂದು ಕಂಪ್ಯೂಟರೇ ಎಂಬುದನ್ನು ಮರೆಯಬೇಡಿ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಬದಲಿಸಿ, ಯುಎಸ್‌ಬಿ ಕಿಂಡಿಯನ್ನು ಮುಚ್ಚಿ ಅಥವಾ ಮೆನುವಿನಲ್ಲಿ ನಿಷ್ಕ್ರಿಯಗೊಳಿಸಿ, ರಿಮೋಟಿಗೂ ಗುಂಡಿಗಳಿಗೂ ಬೀಗ ಹಾಕಿ, ಬಿಲ್ಲಿಂಗ್ ಯಂತ್ರಗಳಿರುವ ಜಾಲದಿಂದ ಅದನ್ನು ಬೇರೆಯಾಗಿಡಿ. ಮನೆಯ ಬಳಕೆಗೆಂದು ಪಡೆದ ಚಲನಚಿತ್ರ ಸೇವೆಗಳ ಚಂದಾದಾರಿಕೆ ಸಾರ್ವಜನಿಕ ಪ್ರದರ್ಶನಕ್ಕೆ ಸಾಮಾನ್ಯವಾಗಿ ಸಲ್ಲುವುದಿಲ್ಲ ಎಂಬುದೂ ನೆನಪಿರಲಿ.

7. ತಂತಿ, ವಿದ್ಯುತ್, ನಿಯಂತ್ರಣ

4ಕೆ ಚಿತ್ರವನ್ನು ಸೆಕೆಂಡಿಗೆ 60 ಚೌಕಟ್ಟಿನಂತೆ ಕಳಿಸುವಾಗ ಸಾಮಾನ್ಯ ಎಚ್‌ಡಿಎಂಐ ಕೇಬಲನ್ನು 5 ಮೀಟರಿಗಿಂತ ಉದ್ದ ಎಳೆಯಬೇಡಿ. ಮೀರಿದರೆ ಚಿತ್ರ ಮಿಟುಕುತ್ತದೆ, ನಡುನಡುವೆ ಪರದೆ ಕಪ್ಪಾಗುತ್ತದೆ, ಜನ ಪರದೆಯನ್ನೇ ದೂರುತ್ತಾರೆ. ಹೆಚ್ಚು ದೂರಕ್ಕೆ ಆಪ್ಟಿಕಲ್ ಎಚ್‌ಡಿಎಂಐ ಕೇಬಲು ಅಥವಾ ನೆಟ್‌ವರ್ಕ್ ಕೇಬಲಿನ ಮೂಲಕ ಚಿತ್ರ ಒಯ್ಯುವ ಎಚ್‌ಡಿಬೇಸ್‌ಟಿ ಸಾಧನ ಬಳಸಿ. ಎರಡನೆಯದು ಫುಲ್ ಎಚ್‌ಡಿಯನ್ನು 100 ಮೀಟರ್‌ವರೆಗೆ ಒಯ್ಯಬಲ್ಲದು. ಗೋಡೆಯೊಳಗೆ ತಂತಿ ಹಾಕುವಾಗ ಬರೀ ಕೇಬಲ್ ಹೂಳದೆ ಪೈಪು ಹಾಕಿಸಿ, ಅದರಲ್ಲಿ ಒಂದು ಎಳೆದಾರ ಬಿಡಿಸಿ. ಮುಂದೆ ಕೇಬಲ್ ಬದಲಿಸಬೇಕಾದಾಗ ಗೋಡೆ ಒಡೆಯುವುದು ತಪ್ಪುತ್ತದೆ.

ವಿದ್ಯುತ್ತಿನ ಲೆಕ್ಕ ಸರಳ. 150 ವ್ಯಾಟ್ ಎಳೆಯುವ ಪರದೆ ದಿನಕ್ಕೆ 14 ಗಂಟೆ ನಡೆದರೆ 2.1 ಯೂನಿಟ್, ವರ್ಷಕ್ಕೆ ಸುಮಾರು 766 ಯೂನಿಟ್. ಹೆಚ್ಚು ನಿಟ್‌ನ ಕಿಟಕಿ ಪರದೆಗಳಲ್ಲಿ ಇದು ಹಲವು ಪಟ್ಟಾಗುವುದರಿಂದ ವಿವರಪಟ್ಟಿಯ ಸಾಮಾನ್ಯ ಮತ್ತು ಗರಿಷ್ಠ ವ್ಯಾಟ್ ಎರಡನ್ನೂ ಕೇಳಿ. ಪ್ಲಗ್ ಪಾಯಿಂಟು ಪರದೆಯ ಹಿಂದೆಯೇ, ಬ್ರಾಕೆಟ್ಟಿಗೆ ಅಡ್ಡವಾಗದಂತೆ ಬರಲಿ. ಮಿಂಚು, ಏರಿಳಿತಗಳಿಂದ ಕಾಯುವ ಸರ್ಜ್ ರಕ್ಷಕ ಇರಲಿ. ಕರೆಂಟು ಬಂದೊಡನೆ ತಾನೇ ಚಾಲೂ ಆಗುವ ಸೌಲಭ್ಯ, ನಿಗದಿತ ಹೊತ್ತಿಗೆ ಹೊತ್ತಿಸುವ ಮತ್ತು ಆರಿಸುವ ಟೈಮರ್, ಜಾಲದ ಮೂಲಕವೋ ಆರ್‌ಎಸ್-232 ಕಿಂಡಿಯ ಮೂಲಕವೋ ದೂರದಿಂದ ನಿಯಂತ್ರಿಸುವ ವ್ಯವಸ್ಥೆ, ಈ ಮೂರೂ ಇರುವುದನ್ನು ಖಚಿತಪಡಿಸಿಕೊಳ್ಳಿ. ಪರದೆಗಳು ಮೂರಕ್ಕಿಂತ ಹೆಚ್ಚಿದ್ದಲ್ಲಿ ದೂರನಿಯಂತ್ರಣ ಇಲ್ಲದೆ ದಿನನಿತ್ಯದ ಕೆಲಸ ಸಾಗುವುದಿಲ್ಲ.

8. ಗೋಡೆ ಮತ್ತು ಬ್ರಾಕೆಟ್

ಪರದೆಯ ಹಿಂಬದಿಯ ಸ್ಕ್ರೂ ತೂತುಗಳ ನಡುವಿನ ಅಂತರಕ್ಕೆ ವೆಸಾ ಎಂಬ ಅಳತೆಯಿದೆ. 400×400 ಎಂದರೆ ಅಡ್ಡ-ಉದ್ದ ಎರಡೂ 400 ಮಿಲಿಮೀಟರ್. ಬ್ರಾಕೆಟ್ ಅದಕ್ಕೆ ಹೊಂದಬೇಕು, ಪರದೆಯ ತೂಕಕ್ಕಿಂತ ಸಾಕಷ್ಟು ಹೆಚ್ಚು ಹೊರಬಲ್ಲದಾಗಿರಬೇಕು. ಜಿಪ್ಸಮ್ ಗೋಡೆಯಾದರೆ ಹಿಂದೆ ದಪ್ಪ ಪ್ಲೈವುಡ್ ಅಥವಾ ಲೋಹದ ಚೌಕಟ್ಟು ಕೊಡಿಸದೆ ತೂಗುಹಾಕಲೇಬೇಡಿ, ಇದು ಜನರ ಸುರಕ್ಷತೆಯ ಮಾತು. ಅಲಂಕಾರಕ್ಕೆಂದು ಗೋಡೆಯ ಗೂಡಿನೊಳಗೆ ಕೂರಿಸುವವರು ಕೈಪಿಡಿ ಹೇಳಿದಷ್ಟು ಜಾಗವನ್ನು ನಾಲ್ಕೂ ಕಡೆ ಬಿಡಬೇಕು. ಹೆಚ್ಚಿನ ಒಳಾಂಗಣ ಪರದೆಗಳು 40 ಡಿಗ್ರಿವರೆಗಿನ ಸುತ್ತಲಿನ ಶಾಖಕ್ಕೆ ತಯಾರಾದವು, ಮುಚ್ಚಿದ ಗೂಡಿನೊಳಗೆ ಆ ಮಿತಿ ಬೇಗ ಮುಟ್ಟುತ್ತದೆ. ದುರಸ್ತಿಗೆ ಕೈ ಹಿಂದೆ ಹೋಗುವಂತೆ ಮುಂದಕ್ಕೆ ಎಳೆಯಬಹುದಾದ ಬ್ರಾಕೆಟ್ ಇದ್ದರೆ ಎಷ್ಟೋ ಅನುಕೂಲ.

ಮಳೆ, ದೂಳಿಗೆ ತೆರೆದ ಹೊರಾಂಗಣಕ್ಕೆ ಒಳಾಂಗಣದ ಪರದೆಯನ್ನು ಪೆಟ್ಟಿಗೆಯಲ್ಲಿಟ್ಟು ಬಳಸುವ ಉಪಾಯ ಬೇಡ. ಐಪಿ56, ಐಪಿ65ರಂತಹ ಅಂಕವಿರುವ ಪರದೆಯನ್ನೇ ಕೊಳ್ಳಿ. ಮೊದಲ ಅಂಕಿ ದೂಳಿನ, ಎರಡನೆಯದು ನೀರಿನ ತಡೆಯನ್ನು ಸೂಚಿಸುತ್ತದೆ.

9. ಒಂದೇ ಪರದೆ ಸಾಲದಿದ್ದರೆ

ಹಲವು ಎಲ್‌ಸಿಡಿಗಳನ್ನು ಜೋಡಿಸಿದ ವಿಡಿಯೊ ಗೋಡೆಯಲ್ಲಿ ನಡುವಿನ ಗೆರೆಯ ದಪ್ಪವನ್ನು ಕೇಳಿ. 3.5 ಮಿಲಿಮೀಟರಿನದು, 1.8ರ ಸುಮಾರಿನದು, 0.88ರದು ಹೀಗೆ ಬರುತ್ತವೆ. ಗೆರೆ ತೆಳುವಾದಷ್ಟೂ ಬೆಲೆ ಏರುತ್ತದೆ. ಗೆರೆಯೇ ಇಲ್ಲದ್ದು ಬೇಕೆಂದರೆ ಎಲ್‌ಇಡಿ ಗೋಡೆ. ಅದರಲ್ಲಿ ದೀಪದಿಂದ ದೀಪಕ್ಕಿರುವ ಅಂತರವನ್ನು ಪಿಚ್ ಎನ್ನುತ್ತಾರೆ. ಪಿಚ್ ಎಷ್ಟು ಮಿಲಿಮೀಟರೋ ಕನಿಷ್ಠ ಅಷ್ಟು ಮೀಟರ್ ದೂರದಿಂದ ನೋಡಬೇಕು ಎಂಬುದು ಅಂದಾಜು. ಎರಡೂವರೆ ಮಿಲಿಮೀಟರ್ ಪಿಚ್‌ನ ಎರಡು ಮೀಟರ್ ಅಗಲದ ಗೋಡೆಯಲ್ಲಿ ಅಡ್ಡಕ್ಕೆ ಬರುವುದು 800 ಪಿಕ್ಸೆಲ್ ಮಾತ್ರ. ದೊಡ್ಡ ಚಿತ್ರಕ್ಕೆ ಅದು ಭವ್ಯವಾಗಿ ಕಾಣುತ್ತದೆ, ಸಣ್ಣ ಅಕ್ಷರಗಳ ಪಟ್ಟಿಗೆ ಸ್ವಲ್ಪವೂ ಹೊಂದುವುದಿಲ್ಲ. ಕೊಳ್ಳುವಾಗಲೇ ಅದೇ ಬ್ಯಾಚಿನಲ್ಲಿ ತಯಾರಾದ ಕೆಲವು ಬಿಡಿ ಮಾಡ್ಯೂಲ್‌ಗಳನ್ನು, ಅಂದರೆ ಗೋಡೆಯನ್ನು ಕಟ್ಟುವ ತುಂಡುಗಳನ್ನು, ತೆಗೆದಿಡಿ. ಆಮೇಲೆ ತಂದ ಮಾಡ್ಯೂಲಿನ ಬಣ್ಣ ಉಳಿದವುಗಳಿಗೆ ಕೂಡುವುದಿಲ್ಲ.

10. ಕೊಟೇಶನ್, ವಾರಂಟಿ, ಒಪ್ಪಿಸಿಕೊಳ್ಳುವುದು

ಕೊಟೇಶನ್ನಿನಲ್ಲಿ "55 ಇಂಚಿನ ವಾಣಿಜ್ಯ ಪರದೆ" ಎಂದಿದ್ದರೆ ಒಪ್ಪಬೇಡಿ, ಪೂರ್ತಿ ಮಾಡೆಲ್ ಸಂಖ್ಯೆ ಬರೆಸಿ, ತಯಾರಕರ ವಿವರಪಟ್ಟಿಯನ್ನು ಅದಕ್ಕೆ ಲಗತ್ತಿಸಿ. ನಿಟ್ ಸಂಖ್ಯೆ ನಿರಂತರ ಪ್ರಕಾಶದ್ದೇ, ಕ್ಷಣಿಕ ಗರಿಷ್ಠದ್ದೇ ಎಂದು ಕೇಳಿ, ಏಕೆಂದರೆ ಜಾಹೀರಾತಿನಲ್ಲಿ ಎರಡನೆಯದನ್ನು ದೊಡ್ಡದಾಗಿ ಬರೆಯುವುದುಂಟು. ವಾರಂಟಿಯಲ್ಲಿ ನಿಮ್ಮ ಗಂಟೆಗಳು, ನಿಮ್ಮ ನಿಲುವು, ವಾಣಿಜ್ಯ ಬಳಕೆ ಇವೆಲ್ಲ ಬರಹದಲ್ಲಿ ಇರಬೇಕು. ತಂತ್ರಜ್ಞರು ನಿಮ್ಮಲ್ಲಿಗೆ ಬರುತ್ತಾರೆಯೇ, ನೀವೇ ಪರದೆಯನ್ನು ಇಳಿಸಿ ಸಾಗಿಸಬೇಕೇ ಎಂಬುದು 75 ಇಂಚಿನ ಮೇಲಿನ ಗಾತ್ರಗಳಲ್ಲಿ ಬೆಲೆಯಷ್ಟೇ ಮುಖ್ಯ. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್‌ಗಳಿರುತ್ತವೆ. ಅವುಗಳಲ್ಲಿ ಎಷ್ಟು ಸತ್ತಿದ್ದರೆ ಬದಲಿಸಿಕೊಡುತ್ತಾರೆ ಎಂಬ ನಿಯಮ ಒಬ್ಬೊಬ್ಬ ತಯಾರಕರದು ಒಂದೊಂದು ಬಗೆ. ಐಎಸ್‌ಒ 9241-307 ಎಂಬ ಮಾನದಂಡ ಇದಕ್ಕೆ ವರ್ಗಗಳನ್ನು ಗುರುತಿಸಿದೆ, ತಮ್ಮದು ಯಾವ ವರ್ಗ ಎಂದು ಕೇಳಿ ಬರೆಸಿಕೊಳ್ಳಿ.

ಪರದೆ ಬಂದ ದಿನ ಗೋಡೆಗೇರಿಸುವ ಮೊದಲೇ ಹಿಂಬದಿಯ ಸೀರಿಯಲ್ ಸಂಖ್ಯೆಯ ಫೋಟೊ ತೆಗೆಯಿರಿ; ಏರಿಸಿದ ಮೇಲೆ ಅದು ಕೈಗೆ ಸಿಗುವುದಿಲ್ಲ. ನೆಲದ ಮೇಲೆ ನಿಲ್ಲಿಸಿಯೇ ಕಪ್ಪು, ಬಿಳಿ, ಬೂದು, ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಒಂದೊಂದಾಗಿ ಪೂರ್ತಿ ತುಂಬಿಸಿ ನೋಡಿ. ಸತ್ತ ಬಿಂದುಗಳು ಬಿಳಿಯಲ್ಲಿ, ಅಂಚಿನ ಬೆಳಕಿನ ಸೋರಿಕೆ ಕಪ್ಪಿನಲ್ಲಿ, ಮೋಡದಂತಹ ಕಲೆಗಳು ಬೂದಿನಲ್ಲಿ ಕಾಣುತ್ತವೆ. ಗೋಡೆಗೇರಿಸಿದ ಬಳಿಕ ಅಳವಡಿಸಿದವರು ಅಲ್ಲಿರುವಾಗಲೇ ಪ್ಲಗ್ ಕಿತ್ತು ಮತ್ತೆ ಹಾಕಿ, ಯಾರೂ ಮುಟ್ಟದೆ ಪರದೆ ನಿಮ್ಮ ಪುಟಗಳಿಗೆ ಹಿಂದಿರುಗುತ್ತದೆಯೇ ನೋಡಿ. ನೆಟ್‌ವರ್ಕ್ ಕೇಬಲ್ ಕಿತ್ತು ಅರ್ಧ ಗಂಟೆ ಕಾಯಿರಿ, ಪುಟಗಳು ನಿಲ್ಲದೆ ಓಡುತ್ತವೆಯೇ ನೋಡಿ. ಅತಿ ದೂರದ ಕುರ್ಚಿಯಲ್ಲಿ, ಪುಟವನ್ನು ಮೊದಲು ನೋಡಿರದ ಒಬ್ಬರನ್ನು ಕೂರಿಸಿ ಜೋರಾಗಿ ಓದಿಸಿ. ಅವರು ತಡವರಿಸಿದ ಕಡೆ ಅಕ್ಷರ ದೊಡ್ಡದಾಗಬೇಕು. ಇಷ್ಟು ಮುಗಿದ ಮೇಲೆ ಮೆನುವಿನ ಪ್ರಕಾಶ, ಟೈಮರ್, ಬೀಗದ ಸಂಕೇತ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಬಿಲ್ಲಿನ ಜೊತೆ ಇಟ್ಟು, ನಂತರವೇ ಉಳಿದ ಹಣ ಪಾವತಿಸಿ.